ಎಳನೀರು ಮತ್ತು ಎಕ್ಸ್‌ಕ್ರಿಟರಿ ಸಿಸ್ಟಮ್

ಚಕ್, ಚಕ್, ಚಕ್. ಆಮೇಲೆ ಮಚ್ಚಿನ ಮೂತಿಯಿಂದ ಒಂದು ಸಣ್ಣ ಟಕ್. ಅರಸೀಕೆರೆಯ ನಮ್ಮ ಮನೆಯ ಜಗುಲಿಯಲ್ಲಿ ಆಗ ದಿನವೂ ಕೇಳುತ್ತಿದ್ದ ಸದ್ದು ಇದು. ಯಾರೋ ನನ್ನ ತಮ್ಮನನ್ನು ನೋಡಲು ಬಂದಿದ್ದಾರೆ, ಅವರ ತೋಟದ ಎಳನೀರು ತಂದಿದ್ದಾರೆ, ಕೊಚ್ಚುತ್ತಿದ್ದಾರೆ ಎಂದು ಮಹಡಿಯ ಮೇಲೆ ಕೂತೇ ನನಗೆ ತಿಳಿಯುತ್ತಿತ್ತು. ಮೊದಮೊದಲು ಆ ಸದ್ದು ಹಿತವಾಗಿಯೇ ಇತ್ತು. ಕಾಯಿಲೆ ಮನುಷ್ಯನ ಮನೆಗೆ ಜನ ಬರುತ್ತಾರಲ್ಲ, ಅಷ್ಟು ಸಾಕು ಎನ್ನಿಸುತ್ತಿತ್ತು. ಈಗ ಬಸ್ ಸ್ಟ್ಯಾಂಡಿನ ಮುಂದೆ ಗಾಡಿಯವನು ಎಳನೀರು ಕೊಚ್ಚಿದರೂ ಹಲ್ಲು ಕಚ್ಚಿಕೊಂಡು ದಾಟಿ ಹೋಗುತ್ತೇನೆ. ಈ ವಯಸ್ಸಿನಲ್ಲಿ ಇಷ್ಟು ಸಿಟ್ಟು ಒಳ್ಳೆಯದಲ್ಲ, ಬಿಪಿ ಏರುತ್ತದೆ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಬಿಪಿ ಯಾಕೆ ಏರುತ್ತದೆ, ಎಲ್ಲಿಂದ ಏರುತ್ತದೆ ಎನ್ನುವುದನ್ನು ಅವರಿಗೇ ಕೂರಿಸಿ ಪಾಠ ಹೇಳುವಷ್ಟು ನಾನು ಓದಿಕೊಂಡಿದ್ದೇನೆ. ಓದಿದ್ದು ತಡವಾಯಿತು ಅಷ್ಟೆ.

ನನ್ನ ತಮ್ಮ ಕೊಬ್ಬರಿ ವ್ಯಾಪಾರಿ. ಅಪ್ಪನ ಕಾಲದ ಮಂಡಿ. ಕೊಬ್ಬರಿ ಗಿಟಕನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಸಕ್ಕರೆ ಕಾಯಿಲೆಯನ್ನು ಬಹಳ ವರ್ಷ ನೆಗಡಿಯ ಹಾಗೆ ನೋಡಿದ. ಕೊನೆಗೆ ಎರಡು ಕಿಡ್ನಿಯೂ ಕೈಬಿಟ್ಟವು. ಹಾಸನಕ್ಕೆ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗಬೇಕಾಯಿತು. ಕೆಲಸದಿಂದ ರಿಟೈರಾದ ಮೇಲೆ, ಗಂಡನೂ ಹೋದ ಮೇಲೆ, ನಾನು ತಮ್ಮನ ಮನೆಯ ಮಹಡಿಯಲ್ಲೇ ಇದ್ದವಳು. ಕೆಳಗೆ ಅವನೂ ಅವನ ಹೆಂಡತಿ, ನನ್ನ ನಾದಿನಿಯೂ. ಅವನನ್ನು ಒಂದು ಡಯಾಲಿಸಿಸ್‌ನಿಂದ ಇನ್ನೊಂದರವರೆಗೆ ಜೋಪಾನವಾಗಿ ದಾಟಿಸುವುದೊಂದೇ ಆಗ ನಮ್ಮಿಬ್ಬರು ಹೆಂಗಸರ ಕೆಲಸ.

ಹಾಸನದ ಡಾಕ್ಟರು ಚಿಕ್ಕ ವಯಸ್ಸಿನವರು. ನಮ್ಮ ಹಿಂದೆ ಬಾಗಿಲಾಚೆಗೂ ಕ್ಯೂ. ನೀರು ಕಡಿಮೆ, ಉಪ್ಪು ಕಡಿಮೆ, ರೀನಲ್ ಡಯಟ್ ಫಾಲೋ ಮಾಡಿ ಎಂದು ಹೇಳಿ ಮುಂದಿನವರನ್ನು ಕರೆದರು. ರೀನಲ್ ಡಯಟ್ ಎಂದರೆ ಏನು ಎಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನವರು ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದರು.

ಮನೆಗೆ ಬಂದ ಮೇಲೆ ನಾದಿನಿ ನಿಷ್ಠೆಯಿಂದ ನೀರು ಕಡಿಮೆ ಮಾಡಿದಳು. ಚೊಂಬು ತೆಗೆದು ಸಣ್ಣ ಲೋಟ ಇಟ್ಟಳು. ಅವನಿಗೆ ಬಾಯಾರಿಕೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಬಾಯಾರಿಕೆ ಕಂಡವರಿಗೇ ಗೊತ್ತು. ತುಟಿ ಸಿಪ್ಪೆ ಏಳುತ್ತದೆ, ಮಾತು ನಾಲಿಗೆಗೆ ಅಂಟಿಕೊಳ್ಳುತ್ತದೆ. ಅಷ್ಟರಲ್ಲಿ ಬಂದವರೆಲ್ಲ ಎಳನೀರು ತಂದರು. ನಮ್ಮ ಕಡೆ ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಯಾರೂ ಹೋಗುವುದಿಲ್ಲ; ಪೇಟೆಯ ಸೇಬು, ಬಿಸ್ಕತ್ತು ತಂದರೆ ತೋಟ ಇಲ್ಲದವರು ಎಂದು ಗುರುತು ಹಿಡಿಯುತ್ತಾರೆ. ನಿಮ್ಮ ಮರದ್ದು, ನೀವೇ ಇಳಿಸಿದ್ದು, ನೀವೇ ಕೊಚ್ಚಿ ಕೊಡಬೇಕು. ಉರಿಮೂತ್ರಕ್ಕೆ ಎಳನೀರು, ಕಲ್ಲಿಗೆ ಎಳನೀರು, ಮೈಕಾವಿಗೆ ಎಳನೀರು. ಹಾಗಿರುವಾಗ ಕಿಡ್ನಿಗೆ ಇನ್ನೇನು ಬೇಕು? ಡಾಕ್ಟರು ಕಡಿಮೆ ಮಾಡಲು ಹೇಳಿದ್ದು ನೀರು. ಇದು ಔಷಧಿ. ನಾದಿನಿ ನೀರಿನ ಬದಲು ಅದನ್ನೇ ಕೊಟ್ಟಳು. ಇಡೀ ಅರಸೀಕೆರೆಯಲ್ಲಿ ಒಬ್ಬರಾದರೂ ಬೇಡ ಎನ್ನಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿದ ನಾನೂ ಪಕ್ಕದಲ್ಲೇ ಕೂತು ಗಂಜಿಯಂಥ ಎಳೆ ಕಾಯಿಯನ್ನು ಚಮಚದಲ್ಲಿ ಕೆರೆದು ಕೊಡುತ್ತಿದ್ದೆ.

ಒಂದು ಬೆಳಿಗ್ಗೆ ಅವನಿಗೆ ಮಂಚದಿಂದ ಕಾಲು ಇಳಿಸಲು ಆಗಲಿಲ್ಲ. ನೋವಿಲ್ಲ, ಜ್ವರವಿಲ್ಲ, ಕಾಲು ಮಾತ್ರ ತನ್ನದಲ್ಲ ಎಂದ. ಕಾರು ಮಾಡಿಕೊಂಡು ಹಾಸನಕ್ಕೆ ಓಡಿದೆವು. ರಕ್ತ ಪರೀಕ್ಷೆ ನೋಡಿದ್ದೇ ತಡ, ಆ ಚಿಕ್ಕ ಡಾಕ್ಟರು ಎದ್ದು ನಿಂತರು. ಪೊಟ್ಯಾಸಿಯಂ ಏರಿದೆ, ಹಾರ್ಟ್ ನಿಲ್ಲುವುದರಲ್ಲಿತ್ತು, ಇವರಿಗೆ ಏನು ಕೊಡುತ್ತಿದ್ದೀರಿ ಎಂದು ಕೇಳಿದರು. ನಾದಿನಿ ಬೆಳಗಿನಿಂದ ರಾತ್ರಿಯವರೆಗಿನದನ್ನು ಒಂದೊಂದಾಗಿ ಹೇಳಿದಳು. ಎಳನೀರು ಎಂದಾಗ ಅವರು ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದರು. ನನ್ನ ಕನ್ನಡಕ, ಸೆರಗಿನ ಪಿನ್ನು ನೋಡಿ ಓದಿದವಳು ಅನ್ನಿಸಿರಬೇಕು. ಇಂಗ್ಲಿಷಿನಲ್ಲಿ, ನಿಮಗೆಲ್ಲ ತಲೆ ಕೆಟ್ಟಿದೆಯೇ ಎಂದರು.

ನಾನು ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ. ಡಾಕ್ಟರ್, ನೀವು ನೀರು ಎಂದಿರಿ. ನಮ್ಮೂರಲ್ಲಿ ಯಾರೂ ಇದನ್ನು ನೀರು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರಸೀಕೆರೆಯಿಂದ ಬಂದ ಕೊಬ್ಬರಿ ವ್ಯಾಪಾರಿ ಏನು ಕುಡಿಯುತ್ತಾನೆ ಎಂದು ನೀವು ಒಂದು ಮಾತು ಕೇಳಬಹುದಿತ್ತು.

ಅವರು ಸಿಟ್ಟಾಗಲಿಲ್ಲ. ಸುಸ್ತಾದ ಮುಖದಿಂದ ಕನ್ನಡದಲ್ಲಿ, "ಟೈಮ್ ಎಲ್ಲಿದೆ ಅಮ್ಮ," ಎಂದರು.

ಆ ಮಾತು ನನ್ನೊಳಗೆ ಇನ್ನೂ ಉರಿಯುತ್ತಿದೆ. ಟೈಮಿಲ್ಲದಿದ್ದದ್ದು ಅವರೊಬ್ಬರಿಗೇ ಅಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರಿಗೂ ಇರಲಿಲ್ಲ. ಫಿಸಿಯಾಲಜಿ ಅಂಡ್ ಹೈಜೀನ್ ಎಂದು ಒಂದು ಪಾಠ. ಡೈಜೆಸ್ಟಿವ್ ಸಿಸ್ಟಮ್ ಆಯಿತು, ಸರ್ಕ್ಯುಲೇಟರಿ ಆಯಿತು, ಹೃದಯದ ನಾಲ್ಕು ಕೋಣೆಗಳಿಗೆ ಕೆಂಪು ನೀಲಿ ಬಣ್ಣ ಹಚ್ಚಿ ನಾನು ಗುಡ್ ಕೂಡ ತೆಗೆದುಕೊಂಡೆ. ಎಕ್ಸ್‌ಕ್ರಿಟರಿ ಸಿಸ್ಟಮ್, ಕಿಡ್ನಿ ಮೂತ್ರದ ಪಾಠ, ಬಂದಾಗ ಸಿಸ್ಟರ್ ಕೊರಳಿನ ಶಿಲುಬೆಯನ್ನು ಸರಿಮಾಡಿಕೊಂಡು, ಗರ್ಲ್ಸ್, ಇದನ್ನು ಮನೆಯಲ್ಲಿ ಓದಿಕೊಳ್ಳಿ ಎಂದರು. ಮುಂದಿನದು ಮಕ್ಕಳು ಹುಟ್ಟುವ ಪಾಠ, ಅದರ ಹಾಳೆಗಳಿಗಂತೂ ತೆರೆಯದಂತೆ ಗುಂಡುಪಿನ್ನು ಚುಚ್ಚಿಸಿಬಿಟ್ಟರು. ಮನೆಯಲ್ಲಿ ಅಪ್ಪನ ಹತ್ತಿರ ಪುಸ್ತಕ ಹಿಡಿದು ಹೋದರೆ, ಹೆಣ್ಣುಮಗು ಓದುವಂಥದ್ದೇ ಇದು ಎಂದು ಕಿತ್ತುಕೊಂಡರು. ಸಿಸ್ಟರ್ ನನಗೆ ಎಷ್ಟು ಕೊಟ್ಟರು ಎಂದು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಅವರು ಕಲಿಸಿದ ಕೈಬರಹದಲ್ಲೇ ಇದನ್ನು ಬರೆಯುತ್ತಿದ್ದೇನೆ. ಆದರೆ ಆ ಒಂದು ಪಾಠಕ್ಕೆ ಅವರನ್ನು ಕ್ಷಮಿಸಲು ಆಗಿಲ್ಲ. ಕಿಡ್ನಿ ಹುರುಳಿಕಾಳಿನ ಆಕಾರದ್ದು, ಹೊಟ್ಟೆಯ ಹಿಂಭಾಗದಲ್ಲಿ ಇರುವುದು, ದೇಹದ ಉಪ್ಪುಗಳನ್ನು ಹದದಲ್ಲಿ ಇಡುವುದು ಎಂದು ಹೇಳಲು ಯಾವ ನಾಚಿಕೆ ಅಡ್ಡ ಬರುತ್ತಿತ್ತು?

ಆ ಸಲ ತುರ್ತಾಗಿ ಡಯಾಲಿಸಿಸ್ ಮಾಡಿ ತಮ್ಮನನ್ನು ಉಳಿಸಿ ಮನೆಗೆ ಕಳಿಸಿದರು. ಅರಸೀಕೆರೆ ಸ್ಟೇಷನ್ನಿನ ಹತ್ತಿರ ಒಂದು ಟ್ರಸ್ಟಿನವರು ಹೆಣ್ಣುಮಕ್ಕಳಿಗೆ ಪೇಷಂಟ್ ಕೇರ್ ತರಬೇತಿ ನಡೆಸುತ್ತಿದ್ದರು. ಕಾಯಿಲೆಯವರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರುವ ಹುಡುಗಿಯರು, ಜಾವಗಲ್ ಕಡೆಯಿಂದ ಬಸ್ಸಿನಲ್ಲಿ ಬರುವವರೇ ಹೆಚ್ಚು. ನನ್ನನ್ನೂ ಕೂರಿಸಿಕೊಳ್ಳಿ ಎಂದು ಹೋಗಿ ಕೇಳಿದೆ. ಪಾಠ ಹೇಳುವವರು ಬೇಲೂರಿನವರು, ನರ್ಸಿಂಗ್ ಟ್ಯೂಟರ್ ಆಗಿ ನಿವೃತ್ತರಾದವರು, ನನಗಿಂತ ಚಿಕ್ಕವರು. ಸರ್ಟಿಫಿಕೇಟು ಬೇಕಾ ಎಂದು ಕೇಳಿದರು. ಬೇಡ, ತಮ್ಮ ಬೇಕು ಎಂದೆ. ಅವರು ಮುಂದೆ ಏನೂ ಕೇಳದೆ ಫ್ಯಾನಿನ ಕೆಳಗಿನ ಬೆಂಚು ತೋರಿಸಿದರು.

ಹುಡುಗಿಯರಿಗೆ ನಾನು ತಮಾಷೆಯ ವಸ್ತು. "ಅಜ್ಜಿ, ನಿಮಗೆ ಯಾವ ಆಸ್ಪತ್ರೇಲಿ ಡ್ಯೂಟಿ ಹಾಕ್ತಾರೆ?" ಎಂದು ಒಬ್ಬಳು ಕೇಳಿದಳು.

"ಮನೇಲೇ ಕಣೇ. ನೀವೆಲ್ಲ ಪಾಸಾದರೆ ನನಗೆ ರಜಾ," ಎಂದೆ.

ಅಲ್ಲಿ ಒಂದು ಪ್ಲಾಸ್ಟಿಕ್ ದೇಹ ಇತ್ತು, ಸೊಂಟದಿಂದ ಮೇಲೆ ಮಾತ್ರ. ಎದೆಯ ಮುಚ್ಚಳ ತೆಗೆದರೆ ಒಳಗಿನದೆಲ್ಲ ಬಿಡಿಬಿಡಿಯಾಗಿ ಕೈಗೆ ಬರುತ್ತಿತ್ತು. ಅದರ ಒಂದು ಕಿಡ್ನಿ ಕಳೆದುಹೋಗಿತ್ತು. ಒಂದಿದ್ದರೂ ಬದುಕಬಹುದು ಅಂತ ತೋರಿಸೋಕೆ ಅನುಕೂಲವಾಯ್ತು ಬಿಡ್ರೇ, ಎಂದು ಮೇಡಂ ನಗಿಸಿದರು. ಇಂಗ್ಲಿಷ್ ಪುಸ್ತಕದ ಸಾಲುಗಳನ್ನು ನಾನು ಓದಿ ಬಿಡಿಸಿ ಹೇಳುವುದು, ಅದರ ಅರ್ಥ ನಮ್ಮ ಮೈಯಲ್ಲಿ ಎಲ್ಲಿದೆ ಎಂದು ಅವರು ತೋರಿಸುವುದು. ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಬಿಟ್ಟರೆ ಗುಳಿ ಹಾಗೇ ಉಳಿಯಿತೋ, ಒಳಗೆ ನೀರು ನಿಂತಿದೆ. ನಾಡಿ ಎಣಿಸುವಾಗ ಗೋಡೆ ಗಡಿಯಾರ ನೋಡಬೇಕು, ರೋಗಿಯ ಮುಖವನ್ನೂ ನೋಡಬೇಕು. ಕಿಡ್ನಿ ಕೆಟ್ಟವರಿಗೆ ತರಕಾರಿಯನ್ನು ಸಣ್ಣಗೆ ಹೆಚ್ಚಿ ಬೇಯಿಸಿ ಆ ನೀರು ಬಸಿದು ಚೆಲ್ಲಬೇಕು. ನಮ್ಮ ಮನೆಗಳಲ್ಲಿ ಬಸಿದ ನೀರನ್ನೇ ಸಾರು ಮಾಡುತ್ತೇವೆ, ಸತ್ವವೆಲ್ಲ ಅದರಲ್ಲೇ ಇದೆ ಎಂದು. ಇದೆ, ಆ ಸತ್ವವೇ ನನ್ನ ತಮ್ಮನನ್ನು ಕೊಲ್ಲುವುದು.

ಮೇಡಂ ಕಿಡ್ನಿಯ ಪಾಠವನ್ನು ಕೆರೆಯ ಲೆಕ್ಕದಲ್ಲಿ ಹೇಳಿದರು. ಕೆರೆಗೆ ಒಳಹರಿವು ಇದೆ, ಕೋಡಿ ಕಟ್ಟಿಹೋಗಿದೆ. ಬಂದದ್ದೆಲ್ಲ ಒಳಗೇ ಉಳಿಯುತ್ತದೆ. ನೀರೊಂದೇ ಅಲ್ಲ, ನೀರಿನಲ್ಲಿ ಕರಗಿದ್ದೂ ಉಳಿಯುತ್ತದೆ. ಒಳ್ಳೆ ಕಿಡ್ನಿಯವರಿಗೆ ಎಳನೀರು ಒಳ್ಳೆಯದೇ, ಅದರಲ್ಲಿ ಪೊಟ್ಯಾಸಿಯಂ ತುಂಬಿದೆ. ಇವರಲ್ಲಿ ಅದು ಹೊರಗೆ ಹೋಗುವುದಿಲ್ಲ, ರಕ್ತದಲ್ಲಿ ಏರುತ್ತದೆ, ಹೃದಯದ ಬಡಿತ ತಪ್ಪಿಸುತ್ತದೆ. ಕೊನೆಗೆ ಹುಡುಗಿಯರ ಕಡೆ ತಿರುಗಿ ಹೇಳಿದರು: "ಅದು ನೋಯಿಸಲ್ಲ, ಕೂಗಿಸಲ್ಲ. ಮಾತಾಡ್ತಾ ಇದ್ದವರು ಮಾತಾಡ್ತಾನೇ ಹೋಗಿಬಿಡ್ತಾರೆ. ಅದಕ್ಕೇ ನೀವು ಮುಂಚೆ ನೋಡಬೇಕು."

ಆ ಸಂಜೆ ಮನೆಗೆ ಬಂದವಳೇ ಜಗುಲಿಯ ಮಚ್ಚನ್ನು ತೆಗೆದು ಹಿತ್ತಲ ಕೊಟ್ಟಿಗೆಯಲ್ಲಿಟ್ಟೆ. ಬಂದವರ ಗೊನೆಗಳನ್ನು ಗೇಟಿನಲ್ಲೇ ತಡೆದೆ. ಹೇಳಿದೆ, ಕೆರೆ ಕೋಡಿ ಎಲ್ಲ ಬಿಡಿಸಿ ಹೇಳಿದೆ. ಕೆಲವರು ಕೇಳಿಸಿಕೊಂಡರು. ಹೆಚ್ಚಿನವರು ನನ್ನ ಭುಜದ ಮೇಲಿಂದ ಒಳಗೆ ನೋಡುತ್ತಾ, ಅಲ್ಲಿ ಮಲಗಿರುವ ಅವನ ಮೇಲೆ ಕನಿಕರ ಪಡುತ್ತಾ ನಿಂತರು. ತಲೆಮಾರಿನಿಂದ ತೆಂಗು ನಂಬಿದ ಮನೆ, ತೆಂಗಿನಕಾಯಿ ವಿಷ ಅಂತಾಳಲ್ಲ ಈ ಮೇಷ್ಟ್ರಮ್ಮ, ಎಂದು ಒಬ್ಬರು ನನಗೆ ಕೇಳಲಿ ಎಂದೇ ಹೇಳಿ ಹೋದರು. ಮಠದ ಕಡೆಯ ಹಿರಿಯರೊಬ್ಬರು, ಓದು ಹೆಚ್ಚಾದರೆ ಕರುಳು ಒಣಗುತ್ತದೆ ಎಂದರು. ಅವರು ದೊಡ್ಡವರು, ಎದುರು ಮಾತಾಡಲಿಲ್ಲ. ಒಳಗೆ ಬಂದು ಕುಕ್ಕರಿನ ಮುಚ್ಚಳವನ್ನು ಬಡಿದು ಹಾಕಿದೆ.

ನಾದಿನಿ ಮಾತ್ರ ಆ ದಿನಗಳಲ್ಲಿ ನನ್ನಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದಳು. ನಾನು ಅಡುಗೆಮನೆಗೆ ಹೋದರೆ ಅವಳು ಹಿತ್ತಲಿಗೆ. ಒಂದು ಮಧ್ಯಾಹ್ನ, ನಾನು ಬೇಯಿಸಿದ ಸೊಪ್ಪಿನ ನೀರನ್ನು ಸಿಂಕಿಗೆ ಸುರಿಯುತ್ತಿರುವಾಗ ಬಂದು ಪಕ್ಕದಲ್ಲಿ ನಿಂತಳು.

"ಮದುವೆಯಾಗಿ ಬಂದಾಗಿನಿಂದ ನಾನು ಇಕ್ಕಿದ್ದನ್ನೇ ಉಂಡವರು ಅವರು, ಅತ್ತಿಗೆ. ಈಗ ನಾನೇ ವಿಷ ಇಕ್ಕಿದೆ ಅಂತ ನೀವು ಊರಿಗೆಲ್ಲ ಹೇಳ್ತಾ ಇದೀರಿ."

ನಾನು ಹಾಗೆ ಹೇಳಿಲ್ಲ, ಹೇಳುವುದೂ ಇಲ್ಲ ಎಂದೆ. ಡಾಕ್ಟರು ಸರಿಯಾಗಿ ಹೇಳಲಿಲ್ಲ, ನಿನ್ನದು ಏನೂ ತಪ್ಪಿಲ್ಲ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಮರುದಿನದ ಕ್ಲಾಸಿಗೆ ಕರೆದುಕೊಂಡು ಹೋದೆ. ಬೆಂಚಿನ ತುದಿಯಲ್ಲಿ ಸೆರಗು ಹೊದ್ದು ಕೂತು ಪ್ಲಾಸ್ಟಿಕ್ ದೇಹವನ್ನೇ ನೋಡಿದಳು. ವಾಪಸು ಬರುವಾಗ ಆಟೋದಲ್ಲಿ, "ಇಷ್ಟು ಸಣ್ಣದಾ ಅದು?" ಎಂದಳು. ಮನೆಗೆ ಬಂದು ಅವನ ಕಾಲಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ನೋಡಿದಳು. ಆಮೇಲೆ ಯಾರ ಗೊನೆಯೂ ಒಳಗೆ ಬರಲಿಲ್ಲ. ಗೇಟಿನಲ್ಲಿ ನನ್ನ ಜಾಗಕ್ಕೆ ಅವಳೇ ನಿಂತಳು, ಮತ್ತು ಅವಳ ಮಾತಿಗೆ ಜನ ನನ್ನ ಮಾತಿಗೆ ಕೊಟ್ಟಿದ್ದಕ್ಕಿಂತ ಹೆಚ್ಚು ಬೆಲೆ ಕೊಟ್ಟರು. ಇದಕ್ಕೂ ನನಗೆ ಸಿಟ್ಟು ಬಂತು ಎಂದರೆ ನೀವು ನಗಬಹುದು.

ಆಗ ಕೆಲವು ತಿಂಗಳು ಚೆನ್ನಾಗಿದ್ದವು. ಅವನು ಬೆಳಿಗ್ಗೆ ಮಂಡಿಗೆ ಹೋಗಿ ಒಂದು ಗಳಿಗೆ ಕೂತು ಬರುತ್ತಿದ್ದ. ರಕ್ತ ಪರೀಕ್ಷೆ ನೋಡಿ ಹಾಸನದ ಡಾಕ್ಟರು ನನಗೆ ವೆರಿ ಗುಡ್ ಅಮ್ಮ ಎಂದರು. ಸಂಜೆ ನಾನು ಪಾಠ ಓದಿಕೊಳ್ಳುತ್ತಿದ್ದರೆ ತಮ್ಮ ಕೆಣಕುತ್ತಿದ್ದ: "ಏನಕ್ಕ, ಇವತ್ತು ನನ್ನ ಯಾವ ಪಾರ್ಟು?" ಲಂಗ್ಸ್ ಎಂದರೆ, "ಅದಾದರೂ ಸರಿಯಾಗಿದೆಯಾ ನೋಡು," ಎನ್ನುತ್ತಿದ್ದ.

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿ ನಾದಿನಿಯ ತವರು. ಅವಳ ತಮ್ಮ ಅಲ್ಲಿ ಹೊಸದಾಗಿ ಹಾಕಿದ್ದ ತೆಂಗಿನ ತೋಟ ಮೊದಲ ಫಲ ಬಿಟ್ಟಿತ್ತು. ಮನೆಯವರನ್ನೆಲ್ಲ ಊಟಕ್ಕೆ ಕರೆದರು. ಡಯಾಲಿಸಿಸ್ ಇಲ್ಲದ ದಿನ, ಅವನಿಗೂ ಊರು ಬಿಟ್ಟು ಕದಲುವ ಆಸೆ. ಊಟದ ಉಪ್ಪು, ನೀರು, ತರಕಾರಿ ಎಲ್ಲವನ್ನೂ ನಾದಿನಿ ಫೋನಿನಲ್ಲೇ ತಾಕೀತು ಮಾಡಿದ್ದಳು. ಎಳನೀರು ಕೊಡಕೂಡದು ಎಂದು ತನ್ನ ತಮ್ಮನ ಹೆಂಡತಿಗೆ ಎರಡೆರಡು ಸಲ ಹೇಳಿದ್ದಳು. ಅವರನ್ನು ಬಸ್ತಿಹಳ್ಳಿಯಲ್ಲಿ ಇಳಿಸಿ ನಾನು ಅದೇ ಕಾರಿನಲ್ಲಿ ಬೇಲೂರಿಗೆ ಹೋದೆ. ಮೇಡಂ ತಮ್ಮ ಹಳೆಯ ಫಿಸಿಯಾಲಜಿ ಪುಸ್ತಕ ಕೊಡುತ್ತೇನೆ ಎಂದಿದ್ದರು. ಅವರ ಮನೆಯ ಪಡಸಾಲೆಯಲ್ಲಿ ಕೂತು ಹೃದಯದ ಬಡಿತದ ಅಧ್ಯಾಯವನ್ನು ಇಬ್ಬರೂ ಓದಿದೆವು. ಕಾಫಿ ಕುಡಿದೆವು. ಎಷ್ಟೋ ವರ್ಷಗಳ ಮೇಲೆ ಕ್ಲಾಸ್‌ಮೇಟ್ ಸಿಕ್ಕ ಹಾಗೆ ಖುಷಿಯಾಗಿತ್ತು ನನಗೆ.

ಇಳಿಹೊತ್ತಿಗೆ ವಾಪಸು ಬಂದಾಗ ಊರಿನ ಜೈನ ಬಸದಿಯ ಹಿಂದಿನ ಆ ತೋಟದಲ್ಲಿ ಗಂಡಸರು ಚಾಪೆ ಹಾಕಿ ಕೂತಿದ್ದರು. ನನ್ನ ತಮ್ಮ ಮರಕ್ಕೆ ಒರಗಿದ್ದ. ಮಾತಾಡುತ್ತಿದ್ದ, ಆದರೆ ಮಾತು ನಿಧಾನವಾಗಿತ್ತು. ನಾಡಿ ಹಿಡಿದೆ. ಬಡಿತಕ್ಕೂ ಬಡಿತಕ್ಕೂ ನಡುವೆ ನನ್ನ ಉಸಿರು ನಿಲ್ಲುವಷ್ಟು ಜಾಗ. ಏನು ತಗೊಂಡೆ ಎಂದರೆ ಏನಿಲ್ಲ ಅಕ್ಕ ಎಂದ. ಉತ್ತರ ಕೊಟ್ಟದ್ದು ಅವನ ಬಾಮೈದ, ಹೆಮ್ಮೆಯಿಂದ.

"ಹೊಸ ತೋಟದ ಮೊದಲ ಫಲ ಮನೆ ಅಳಿಯಂದೇ ಅಲ್ವಾ ಅಕ್ಕಾರೆ. ಭಾವ ಕುಡಿದು ರುಚಿ ಹೇಳಿದ ಮೇಲೇಯ ನಾವು ಮುಟ್ಟೋದು. ಪ್ರತಿ ಸಾಲಿಂದೂ ಒಂದೊಂದು ಇಳಿಸಿ ಕೊಟ್ವಿ. ಸಕ್ಕರೆ ಇದ್ದಂಗೆ ಐತೆ ಅಂದ್ರು."

ಹೆಂಗಸರಿಗೆ ಹೇಳಿದ್ದು ಹೆಂಗಸರಲ್ಲೇ ಉಳಿದಿತ್ತು. ಅಡುಗೆಮನೆಯಿಂದ ತೋಟದವರೆಗೆ ಅದನ್ನು ದಾಟಿಸಬೇಕು ಎಂದು ಯಾರಿಗೂ ತೋಚಿರಲಿಲ್ಲ. ನಾನು ಅಷ್ಟು ಜನರ ಮುಂದೆ ಕೂಗಾಡಿದೆ. ಕಾನ್ವೆಂಟಿನಲ್ಲಿ ಕಲಿತ ನಯ, ನಾಜೂಕು ಯಾವುದೂ ಉಳಿಯಲಿಲ್ಲ. ಅವನ ಬಾಮೈದನ ಮುಖ ಸುಣ್ಣದಂತಾಯಿತು. ಮರ್ಯಾದೆ ಮಾಡಿದೆ ಎಂದುಕೊಂಡವನು ಅವನು, ಅವನಿಗೆ ನಾನು ಕೊಲೆಗಾರ ಎಂದುಬಿಟ್ಟೆ. ಆ ಮಾತನ್ನು ಇವತ್ತಿಗೂ ವಾಪಸು ತೆಗೆದುಕೊಂಡಿಲ್ಲ. ನಾದಿನಿ ಒಳಗಿನಿಂದ ಓಡಿ ಬಂದು ಕಾರಿನ ಬಾಗಿಲು ತೆರೆದಳು.

ಹಾಸನ ಮುಟ್ಟುವಾಗ ದೀಪ ಹತ್ತಿಸಿದ್ದರು. ಡಯಾಲಿಸಿಸ್ ಮಷೀನಿನಲ್ಲಿ ಬೇರೆ ರೋಗಿ ಇದ್ದಾರೆ, ಸ್ವಲ್ಪ ಹೊತ್ತು ಎಂದರು. ಅಷ್ಟರಲ್ಲಿ ಇಂಜೆಕ್ಷನ್ ಕೊಟ್ಟರು. ನಾದಿನಿ ಕೌಂಟರಿಗೆ ಓಡಿದಳು, ನಾನು ಮಂಚದ ಹತ್ತಿರ ನಿಂತೆ. ನನ್ನ ಸಿಟ್ಟು ಇಳಿದಿರಲಿಲ್ಲ. ಅವನ ಮೇಲೂ ಇತ್ತು. ಎಲ್ಲ ಗೊತ್ತಿತ್ತು ಅವನಿಗೆ, ದಿನಾ ಹೇಳಿದ್ದೆ. ಬೇಡ ಅನ್ನಲು ಏನು ಧಾಡಿಯಾಗಿತ್ತು ನಿನಗೆ ಎಂದು ಕೇಳಿಯೇಬಿಟ್ಟೆ.

ಅವನು ನನ್ನ ಕಡೆ ಮುಖ ತಿರುಗಿಸಿದ. "ಮನೇಲಿ, ಮಂಡೀಲಿ, ಇಲ್ಲಿ, ಎಲ್ಲ ಕಡೆ ನಾನು ಪೇಷಂಟು ಕಣಕ್ಕ. ಅಲ್ಲಿ ಒಂದು ಗಳಿಗೆ ಅಳಿಯ ಆಗಿದ್ದೆ."

ಅವನ ಕಾಲಿನ ಮೇಲಿನ ಹೊದಿಕೆಯನ್ನು ಎಳೆದು ಸರಿಮಾಡಿದೆ. ಸಿಟ್ಟು ಇನ್ನೂ ಏರಿತು.

ನರ್ಸ್ ಇಸಿಜಿ ವೈರುಗಳನ್ನು ಹಿಡಿದು ಬಂದಳು. ಎದೆಯ ಮೇಲಿನ ಲಿಂಗದ ಕರಡಿಗೆ ತೆಗೆಯಬೇಕು ಎಂದಳು. ಹುಟ್ಟಿದಾಗ ಕಟ್ಟಿದ ಲಿಂಗ, ಅದನ್ನು ಮೈಯಿಂದ ಬೇರೆ ಮಾಡುವುದಿಲ್ಲ ಎಂದು ಅವಳಿಗೆ ಹೇಳಿ, ಕೊರಳಿನ ಶಿವದಾರ ಬಿಚ್ಚಿ ತೋಳಿಗೆ ಕಟ್ಟಲು ಹೋದೆ. ನನಗೆ ಹತ್ತಿರವಿದ್ದದ್ದು ಎಡಗೈ. ಅವನು ಆ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡು ಬಲಗೈ ಚಾಚಿದ. ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ್ದ ಕೈ ಎಡಗೈ, ಆ ಕೈಗೆ ಏನನ್ನೂ ಬಿಗಿಯಬಾರದು.

"ಈ ಕಡೆ ಕಟ್ಟು," ಎಂದ. ಅವನು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಮಂಚ ಸುತ್ತಿ ಬಂದು ಬಲದೋಳಿಗೆ ಕಟ್ಟಿದೆ. ಬಿಗಿಯಾಯಿತಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದ. ನರ್ಸ್ ನನ್ನ ಮೊಣಕೈ ಮುಟ್ಟಿ, ಹೊರಗಿರಿ ಅಮ್ಮ ಎಂದಳು, ಮತ್ತು ನಮ್ಮಿಬ್ಬರ ನಡುವೆ ಹಸಿರು ಪರದೆ ಎಳೆದಳು.